ಯಾವ ಮಾತ್ರೆ ನುಂಗಿದ್ದೆ?

ನಿನ್ನೆ ಮಗನನ್ನು ಸ್ಪೀಚ್ ಥೆರಪಿಗೆ ಒಳಗೆ ಕಳುಹಿಸಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಹೊಸದಾಗಿ ಬರತೊಡಗಿರುವ ತಾಯಿಯೊಬ್ಬರು. ಅವರ ಮಗಳಿಗೆ ಮೂರೂವರೆ ವರ್ಷ; ಮಾತು, ಒಡನಾಟಗಳ ಬೆಳವಣಿಗೆ ಬೇರೆಯೇ ಹಾದಿ ಹಿಡಿಯುವ ಆಟಿಸಂ ಎಂದು ವೈದ್ಯರು ಹೇಳಿ ಇನ್ನೂ ತಿಂಗಳಾಗಿಲ್ಲ. ಜೊತೆಗೆ ಬಂದಿದ್ದ ಹಿರಿಯರೊಬ್ಬರು ಮೊಬೈಲ್ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು: "ಬಸುರಿಯಾಗಿದ್ದಾಗ ಯಾವ ಮಾತ್ರೆ ನುಂಗಿದ್ದೆ? ಸರಿಯಾಗಿ ನೆನಪು ಮಾಡಿಕೊ. ಕೋರ್ಟಿಗೆ ಹೋದರೆ ಪರಿಹಾರ ಸಿಗುತ್ತದಂತೆ." ಪರದೆಯ ಮೇಲೆ ಯಾವುದೋ ವಿದೇಶಿ ವಕೀಲರ ಜಾಹೀರಾತು. ಜ್ವರಕ್ಕೆ ಎರಡು ಸಲ ಮಾತ್ರೆ ತೆಗೆದುಕೊಂಡಿದ್ದನ್ನು ಆಕೆ ಕಳ್ಳತನ ಒಪ್ಪಿಕೊಳ್ಳುವವರ ದನಿಯಲ್ಲಿ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ನಿಮಗೆ ಹೊಸದಲ್ಲ. ಈ ಸಿಟ್ಟಿನ ಬೇರು ಎಲ್ಲಿದೆ ಎಂಬುದನ್ನು ಮಾತ್ರ ಇಲ್ಲಿಯವರೆಗೆ ಹೇಳಿಕೊಂಡಿರಲಿಲ್ಲ.

ತಾಯಿಯನ್ನು ಕಟಕಟೆ ಹತ್ತಿಸುವ ಚಾಳಿ ಹಳೆಯದು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇದ್ದ ಹನ್ನೊಂದು ಮಕ್ಕಳ ವಿವರ ಬರೆದರು. ಕೆಲವೇ ವರ್ಷಗಳಲ್ಲಿ ಪಂಡಿತರ ತೀರ್ಪು ಸಿದ್ಧವಾಯಿತು: ತಾಯಿಯ ಎದೆಯಲ್ಲಿ ಬಿಸುಪಿಲ್ಲ, ಅದಕ್ಕೇ ಮಗು ಹೀಗೆ. 'ರೆಫ್ರಿಜರೇಟರ್ ತಾಯಿ' ಎಂಬ ಬಿರುದನ್ನೂ ದಯಪಾಲಿಸಿದರು. 1977ರಲ್ಲಿ 21 ಅವಳಿ ಜೋಡಿಗಳ ಅಧ್ಯಯನ ವಂಶವಾಹಿಗಳ ಕಡೆ ಬೆರಳು ತೋರಿಸುವ ಹೊತ್ತಿಗೆ ಆ ತಾಯಂದಿರು ತಪ್ಪಿತಸ್ಥರಾಗಿಯೇ ಅರ್ಧ ಆಯುಷ್ಯ ಕಳೆದಿದ್ದರು.

ಆಮೇಲೆ ಲಸಿಕೆಯ ಸರದಿ. 1998ರಲ್ಲಿ ಹನ್ನೆರಡೇ ಮಕ್ಕಳನ್ನು ಮುಂದಿಟ್ಟುಕೊಂಡು ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್, ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯ ಮೇಲೆ ಗುಮಾನಿ ಹುಟ್ಟಿಸಿದ. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಸಜ್ಜಾಗುತ್ತಿದ್ದ ವಕೀಲರ ಮೂಲಕ ಅವನಿಗೆ ಹಣ ಸಂದಿತ್ತು ಎಂಬುದು ತಡವಾಗಿ ಬಯಲಾಯಿತು. (ವಕೀಲರು ಇಲ್ಲಿಯೂ ಹಾಜರು, ಗಮನಿಸಿ.) 2010ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ತಾನು ಪ್ರಕಟಿಸಿದ್ದ ಆ ಲೇಖನವನ್ನು ಹಿಂತೆಗೆದುಕೊಂಡಿತು, ಅವನ ವೈದ್ಯ ನೋಂದಣಿಯೂ ರದ್ದಾಯಿತು. ಲಸಿಕೆಯಿಂದಲೇ ಆಟಿಸಂ ಬಂತೆಂದು ಅಮೆರಿಕದ ಲಸಿಕೆ ನ್ಯಾಯಾಲಯಕ್ಕೆ ಐದು ಸಾವಿರಕ್ಕೂ ಹೆಚ್ಚು ಕುಟುಂಬಗಳು ಅರ್ಜಿ ಹಾಕಿದ್ದವು. ಮಾದರಿಯಾಗಿ ವಿಚಾರಣೆಗೆ ಎತ್ತಿಕೊಂಡ ಪ್ರಕರಣಗಳೆಲ್ಲ 2009 ಮತ್ತು 2010ರಲ್ಲಿ ಬಿದ್ದುಹೋದವು. ಈಗ ಜ್ವರದ ಮಾತ್ರೆ ಪ್ಯಾರಾಸಿಟಮಾಲ್: ಬಸುರಿಯಾಗಿದ್ದಾಗ ಅದನ್ನು ನುಂಗಿದ್ದರಿಂದಲೇ ಮಗುವಿಗೆ ಆಟಿಸಂ ಎಂಬ ದಾವೆಗಳು. 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶೆಯೊಬ್ಬರು ದಾವೆದಾರರ ಪರವಾದ ತಜ್ಞರ ಸಾಕ್ಷ್ಯವನ್ನು ತಳ್ಳಿಹಾಕಿದರು. ಮರುವರ್ಷ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಸುಮಾರು 25 ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿತು. ಒಡಹುಟ್ಟಿದವರನ್ನೇ ಹೋಲಿಸಿದಾಗ ಯಾವ ನಂಟೂ ಕಾಣಲಿಲ್ಲ. ಜಾಹೀರಾತು ಮಾತ್ರ ನಿಂತಿಲ್ಲ.

"ಹಾಗಾದರೆ ಔಷಧ ಕಂಪನಿಗಳೆಲ್ಲ ಸಾಚಾ ಎನ್ನುತ್ತೀಯಾ?" ಎಂದು ಕೇಳುವವರು ನನ್ನ ಗೆಳೆಯರಲ್ಲೇ ಇದ್ದೀರಿ. ಇಲ್ಲಪ್ಪ. ಅಪಸ್ಮಾರಕ್ಕೆ ಕೊಡುವ ವ್ಯಾಲ್‌ಪ್ರೋಯೇಟ್ ಗರ್ಭದಲ್ಲಿರುವ ಮಗುವಿಗೆ ಆಟಿಸಂ ಬರುವ ಸಾಧ್ಯತೆಯನ್ನು ನಿಜಕ್ಕೂ ಹೆಚ್ಚಿಸುತ್ತದೆ. ಆ ಅಪಾಯವನ್ನು ತಮಗೆ ತಿಳಿಸಲಿಲ್ಲವೆಂದು ಫ್ರಾನ್ಸಿನ ತಾಯಂದಿರು ಕೋರ್ಟಿಗೆ ಹೋದರು, ಹೋಗಬೇಕಾದ್ದೇ. ಆದರೆ ಆ ಒಂದು ಔಷಧದ ಕಥೆಯನ್ನು ಹಿಡಿದುಕೊಂಡು ಜ್ವರದ ಮಾತ್ರೆ ನುಂಗಿದವಳನ್ನೆಲ್ಲ ವಿಚಾರಣೆಗೆ ಎಳೆಯುವುದು ಯಾವ ನ್ಯಾಯ? ಆಟಿಸಂನ ಹಿಂದೆ ನೂರಾರು ವಂಶವಾಹಿಗಳಿವೆ. ಅವಧಿಗೆ ಮುಂಚಿನ ಹೆರಿಗೆಯೂ ಲೆಕ್ಕಕ್ಕೆ ಬರುತ್ತದೆ, ತಂದೆಯ ವಯಸ್ಸೂ ಬರುತ್ತದೆ. ಇಷ್ಟು ವರ್ಷ ಆ ಬೆಂಚಿನ ಮೇಲೆ ಕುಳಿತಿದ್ದೇನೆ, "ಮಗು ಹುಟ್ಟಿದಾಗ ನಿನಗೆಷ್ಟು ವಯಸ್ಸು?" ಎಂದು ಯಾವ ಗಂಡಸನ್ನೂ ಯಾರೂ ಕೇಳಿದ್ದನ್ನು ಕಂಡಿಲ್ಲ.

ನನ್ನನ್ನೂ ಕೇಳಲಿಲ್ಲ. ನನಗಾಗ ಮೂವತ್ತೊಂಬತ್ತು. ಕೇಳಿದವನು ನಾನು. ಮಗನ ವರದಿ ಕೈಗೆ ಬಂದ ರಾತ್ರಿ ಹೆಂಡತಿಗೆ ಇದೇ ಪ್ರಶ್ನೆ ಹಾಕಿದ್ದೆ, ಹೆಚ್ಚು ಕಡಿಮೆ ಇದೇ ಮಾತುಗಳಲ್ಲಿ. ಅವಳು ಉತ್ತರಿಸಲಿಲ್ಲ. ಎದ್ದು ಹೋಗಿ, ಮಡಚಿಟ್ಟಿದ್ದ ಬಟ್ಟೆಗಳನ್ನೇ ಮತ್ತೆ ಬಿಚ್ಚಿ ಮಡಚಿದಳು. ಇಂದಿಗೂ ಆ ಮಾತು ನಮ್ಮ ನಡುವೆ ಬಂದಿಲ್ಲ. ಇದನ್ನು ಅವಳು ಓದುತ್ತಾಳೆ.

ಕಾನೂನಿನ ನೆರವು ಬೇಡವೆಂದಲ್ಲ. ಬೇಕು, ಆದರೆ ಬೇರೆ ಬಾಗಿಲಲ್ಲಿ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶಿಕ್ಷಣವನ್ನು ಹಕ್ಕೆಂದೇ ಕರೆಯುತ್ತದೆ. ಅಮೆರಿಕದ ವಿಶೇಷ ಶಿಕ್ಷಣ ಕಾನೂನಿನಲ್ಲಿ 1990ರಿಂದಲೇ ಆಟಿಸಂ ಪ್ರತ್ಯೇಕ ವರ್ಗ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಅದೂ ಒಂದು. ಇವುಗಳಲ್ಲಿ ಎಲ್ಲಿಯೂ ತಾಯಿ ಏನು ನುಂಗಿದಳು ಎಂಬ ಕಲಂ ಇಲ್ಲ. ಮಗುವಿಗೆ ಏನು ಬೇಕು ಎಂಬುದಷ್ಟೇ ಪ್ರಶ್ನೆ.

ಮಗನನ್ನು ಸೇರಿಸಲು ಹೋದಾಗ ಶಾಲೆಯೊಂದು "ನಮ್ಮಲ್ಲಿ ಸೌಲಭ್ಯ ಇಲ್ಲ" ಎಂದು ಮೂರು ಸಲ ಬಾಯಿಮಾತಿನಲ್ಲಿ ಹೇಳಿ ಕಳುಹಿಸಿತ್ತು. ನಾಲ್ಕನೆಯ ಸಲ ನಾನು ಆ 2016ರ ಕಾಯ್ದೆಯ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟು, "ಇದನ್ನೇ ಬರೆದು, ಸಹಿ ಮಾಡಿ ಕೊಡಿ" ಎಂದೆ. ಬರೆದು ಕೊಡಲಿಲ್ಲ. ಎರಡು ದಿನಗಳ ನಂತರ ಕರೆ ಬಂತು, ಒಂದನೇ ತರಗತಿಯಲ್ಲಿ ಜಾಗವಿದೆಯಂತೆ!

ನಿನ್ನೆ ಆ ಹಿರಿಯರು ನೀರು ಕುಡಿಯಲು ಎದ್ದುಹೋದಾಗ ಆಕೆಗೆ ಇಷ್ಟನ್ನೂ ಹೇಳಿದೆ. ಆಕೆ ಮಾತ್ರೆಯ ವಿಷಯ ಎತ್ತಲಿಲ್ಲ. ಕೈಚೀಲದಿಂದ ಪೆನ್ನು ತೆಗೆದು, ಮಗಳ ಕಡತದ ಹಿಂಬದಿಯನ್ನು ತೊಡೆಯ ಮೇಲೆ ಹರಡಿಕೊಂಡು, "ಆ ಕಾಯ್ದೆ ಯಾವ ವರ್ಷದ್ದು ಎಂದಿರಿ?" ಎಂದು ಕೇಳಿದರು.