ಪುರಾಣದ ಬದನೆಕಾಯಿಯೂ ಬಜ್ಜಿಯ ಎಣ್ಣೆಯೂ

ಚಾತುರ್ಮಾಸ್ಯದಲ್ಲಿ ಬದನೆಕಾಯಿ ನಿಷಿದ್ಧವೆಂದು ಗುಡಿಯಲ್ಲಿ ಗಂಟೆಗಟ್ಟಲೆ ಪ್ರವಚನ ಮಾಡಿದ ಪುರಾಣಿಕರು ಮನೆಗೆ ಬಂದು ಎಲೆಯ ಮುಂದೆ ಕುಳಿತರಂತೆ. ಪ್ರವಚನವನ್ನು ನಂಬಿ ಬುಟ್ಟಿಯ ಬದನೆಯನ್ನೆಲ್ಲ ತಿಪ್ಪೆಗೆ ಸುರಿದಿದ್ದ ಹೆಂಡತಿಯ ಮೇಲೆ ರೇಗಿ, "ಅದು ಪುರಾಣದ ಬದನೆಕಾಯಿ ಕಣೇ, ಇದು ಪಲ್ಯದ ಬದನೆಕಾಯಿ" ಎಂದು ಗದರಿದರಂತೆ. ಈ ಕಥೆಯನ್ನು ನಮ್ಮ ಕಡೆ ಕೇಳದವರಿಲ್ಲ. ಕುಲಾಂತರಿ ಆಹಾರದ, ಅಂದರೆ ಬೇರೊಂದು ಜೀವಿಯ ವಂಶವಾಹಿ ಸೇರಿಸಿದ ಬೆಳೆಯಿಂದ ಬಂದ ಆಹಾರದ ಬಗ್ಗೆ ದೆಹಲಿಯಿಂದ ಹೊರಟ ಕಾಯಿದೆ, ಅಧಿಸೂಚನೆ, ಕರಡುಗಳನ್ನು ಕನ್ನಡಕ ಒರೆಸಿಕೊಂಡು ಓದಿದ ಮೇಲೆ, ಅವುಗಳ ಸಾರವನ್ನು ಆ ಪುರಾಣಿಕರಿಗಿಂತ ಚೆನ್ನಾಗಿ ಹೇಳಿದವರು ಯಾರೂ ಇಲ್ಲವೆಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ.

ಬದನೆಯಿಂದಲೇ ಆರಂಭಿಸೋಣ. ಕಾಯಿಕೊರಕ ಹುಳುವನ್ನು ಗಿಡವೇ ಕೊಲ್ಲುವಂತೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿ ರೂಪಿಸಿದ ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಜನರ ಅಹವಾಲು ಕೇಳಿ, ಕೊನೆಯ ಸಭೆಯನ್ನು ಬೆಂಗಳೂರಿನಲ್ಲಿ ಮುಗಿಸಿ, 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಹಾಕಿದರು. ಈ ತಡೆ ನಿಷೇಧವೂ ಅಲ್ಲ, ಅನುಮತಿಯೂ ಅಲ್ಲ. ಜಾಮೀನೂ ಇಲ್ಲದೆ, ಶಿಕ್ಷೆಯೂ ಆಗದೆ, ಮುಂದಿನ ತಾರೀಕನ್ನೂ ಯಾರೂ ಹೇಳದೆ ಒಂದು ತರಕಾರಿ ಇಷ್ಟು ವರ್ಷ ವಿಚಾರಣಾಧೀನ ಕೈದಿಯಾಗಿ ಕುಳಿತಿರುವುದು ನ್ಯಾಯಾಂಗದ ಚರಿತ್ರೆಯಲ್ಲೂ ಅಪರೂಪವಿರಬೇಕು. ಪಕ್ಕದ ಬಾಂಗ್ಲಾದೇಶದವರು 2014ರಿಂದ ಅದನ್ನೇ ಬೆಳೆದು ಹುಳಿ ಮಾಡಿಕೊಂಡು ಉಣ್ಣುತ್ತಿದ್ದಾರೆ. ತಡೆ ಹಾಕಿದ್ದು ತಪ್ಪೆಂದು ನಾನು ವಾದಿಸುತ್ತಿಲ್ಲ. ಈರನಗೆರೆಯ ಬದನೆಕಾಯಿ ತಿಂದು ಬೆಳೆದ ಮೈಸೂರಿನವನಿಗೆ ನಾಟಿ ತಳಿಯ ಮೇಲಿನ ಅಂಜಿಕೆಯನ್ನು ಯಾರೂ ಕಲಿಸಬೇಕಾಗಿಲ್ಲ.

ತಡೆ ಬಿದ್ದ ವರ್ಷವೇ ಸರ್ಕಾರ ಒಂದು ಸುಧಾರಣೆಯನ್ನು ಮಾತ್ರ ತಡವಿಲ್ಲದೆ ಮಾಡಿತು. 'ಅನುಮೋದನಾ ಸಮಿತಿ'ಯ ಹೆಸರನ್ನು 'ಮೌಲ್ಯಮಾಪನ ಸಮಿತಿ' ಎಂದು ಬದಲಾಯಿಸಿತು. ಇಂಗ್ಲಿಷಿನಲ್ಲಿ ಅಪ್ರೂವಲ್‌ಗೂ ಅಪ್ರೈಸಲ್‌ಗೂ ಮೊದಲಕ್ಷರ ಒಂದೇ ಆದ್ದರಿಂದ ಜಿಇಎಸಿ ಎಂಬ ಹ್ರಸ್ವನಾಮ ಹಾಗೆಯೇ ಉಳಿದು, ಹಳೆಯ ರಬ್ಬರ್ ಸ್ಟಾಂಪುಗಳು ದಂಡವಾಗಲಿಲ್ಲ.

ಇನ್ನು ಪಲ್ಯದ ಬದನೆಕಾಯಿಗೆ, ಅಂದರೆ ಹತ್ತಿಗೆ ಬರೋಣ. ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ, ಇಂದು ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅದೇ ಇದೆ. ಮೊದಲು ಬಂದ ಬಿಟಿ ಹತ್ತಿಯಲ್ಲಿದ್ದ ವಂಶವಾಹಿಯ ಹೆಸರು ಕ್ರೈ1ಎಸಿ. ತಡೆಯಾಜ್ಞೆಗೆ ಒಳಗಾದ ಬದನೆಯಲ್ಲಿರುವ ವಂಶವಾಹಿಯ ಹೆಸರೂ ಕ್ರೈ1ಎಸಿ. ಆದರೆ ಹತ್ತಿ ಉಡುವ ವಸ್ತು, ತಿನ್ನುವ ವಸ್ತುವಲ್ಲ ಎಂಬುದು ಲೋಕರೂಢಿ. ಹೆಗ್ಗಡದೇವನಕೋಟೆಯ ಕಡೆ ಹತ್ತಿ ಬಿಡಿಸುವ ಯಾವ ಹೆಂಗಸನ್ನು ಕೇಳಿದರೂ, ಬಿಡಿಸಿದ ಹತ್ತಿಯಲ್ಲಿ ಅರಳೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಬೀಜ ಎಂದು ಹೇಳುತ್ತಾಳೆ. ಆ ಬೀಜ ಗಾಣಕ್ಕೆ ಹೋಗುತ್ತದೆ. ಎಣ್ಣೆ ಶುದ್ಧವಾಗಿ ಕುರುಕಲು ತಿಂಡಿಯ ಪೊಟ್ಟಣದೊಳಕ್ಕೂ ವನಸ್ಪತಿಯ ಡಬ್ಬದೊಳಕ್ಕೂ ಸೇರುತ್ತದೆ. ಹಿಂಡಿ ಕೊಟ್ಟಿಗೆಗೆ ಬರುತ್ತದೆ. ತೂಕ ಹಾಕಿ ನೋಡಿದರೆ ಹತ್ತಿ ಗಿಡ ಮೈಗೆ ಕೊಡುವುದಕ್ಕಿಂತ ಬಾಯಿಗೆ ಕೊಡುವುದೇ ಹೆಚ್ಚು. ಕಡತದಲ್ಲಿ ಮಾತ್ರ ಅದು ಇಂದಿಗೂ ಪಂಚೆ.

ಪಾಂಡವಪುರ ತಾಲ್ಲೂಕಿನಲ್ಲಿ ನಾಲ್ಕು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ನನ್ನ ಭಾಮೈದನಿಗೆ ಈ ಸಂಗತಿಯನ್ನು ಗಂಭೀರವಾಗಿ ವಿವರಿಸಿದೆ. ಅವನು ಹಿಂಡಿಯನ್ನು ನೆನೆಹಾಕುತ್ತಲೇ, "ಹಸ ತಿನ್ನೋದು ಹಿಂಡಿ, ನಾವು ಕುಡಿಯೋದು ಹಾಲು ಕನ ಭಾವ. ನಡುವೆ ಹಸೀನ ಹೊಟ್ಟೆ ಅದಲ್ಲ, ಅದೇ ದೊಡ್ಡ ಕಮಿಟಿ" ಎಂದ. ಯೋಚಿಸಿದರೆ ಅವನ ಮಾತಿನಲ್ಲಿ ಸತ್ಯವಿದೆ. ನಾಲ್ಕು ಕೋಣೆಗಳ ಆ ಸಮಿತಿ ತನ್ನ ಮುಂದೆ ಬಂದ ಪ್ರೋಟೀನನ್ನು ಒಡೆದು ಜೀರ್ಣಿಸಿ ಒಂದೆರಡು ದಿನಗಳಲ್ಲಿ ವಿಲೇವಾರಿ ಮಾಡುತ್ತದೆ, ಕಡತವನ್ನು ಮುಂದಿನ ಸಭೆಗೆ ಮುಂದೂಡುವುದಿಲ್ಲ. ಹತ್ತಿಬೀಜದ ಎಣ್ಣೆ ತಿಂದವರೆಲ್ಲ ಕಾಯಿಲೆ ಬಿದ್ದರೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ವಂಶವಾಹಿಯ ಕುರುಹಾಗಲಿ ಅದರ ಪ್ರೋಟೀನಾಗಲಿ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಇದೇ ಸಮಾಧಾನವಾದರೆ ಅದನ್ನು ಬರೆದು ಅಂಗಡಿಯ ಗೋಡೆಗೆ ಅಂಟಿಸಬಹುದಿತ್ತು. ಹಾಗೆ ಮಾಡದೆ, ತಿನ್ನುತ್ತಿಲ್ಲವೆಂಬ ಸೋಗಿನಲ್ಲಿ ತಿನ್ನಿಸುವುದನ್ನು ನಾವು ನಿಯಂತ್ರಣವೆಂದು ಕರೆಯುತ್ತಿದ್ದೇವೆ.

2021ರ ಆಗಸ್ಟಿನಲ್ಲಿ ಕೋಳಿ ಸಾಕುವವರಿಗೆ ಮೇವು ತುಟ್ಟಿಯಾದಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅವಕಾಶವಾಯಿತು. ಅರೆದು ಎಣ್ಣೆ ತೆಗೆದ ಹಿಂಡಿಗೆ ಜೀವವಿಲ್ಲ, ಆದ್ದರಿಂದ ಪರಿಸರ ಇಲಾಖೆಯ ತಕರಾರಿಲ್ಲ ಎಂಬುದು ಅಂದಿನ ತರ್ಕ. ಹುರಿದ ಕಡಲೆ ಮೊಳೆಯುವುದಿಲ್ಲವೆಂಬುದು ನಮಗೂ ಗೊತ್ತು. ಆದರೆ ಇದೇ ತರ್ಕದಲ್ಲಿ, ಸುಟ್ಟು ಗೊಜ್ಜು ಮಾಡಿದ ಬದನೆಕಾಯಿಗೆ ಎಷ್ಟು ಜೀವವಿರುತ್ತದೆ ಎಂದು ಯಾರಾದರೂ ಕೇಳಬಹುದಿತ್ತು.

ಗ್ರಾಹಕನಿಗೆ ಕೊಟ್ಟಿರುವ ಅಸ್ತ್ರದ ಕಥೆ ಇದಕ್ಕಿಂತ ಸೊಗಸಾಗಿದೆ. 2006ರ ಆಹಾರ ಸುರಕ್ಷತಾ ಕಾಯಿದೆಯ 22ನೆಯ ಸೆಕ್ಷನ್ ಪ್ರಕಾರ, ನಿಯಮ ಅವಕಾಶ ಕೊಡದ ಹೊರತು ಕುಲಾಂತರಿ ಆಹಾರವನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ತರಿಸುವಂತಿಲ್ಲ. ಅದಕ್ಕೆ ಬೇಕಾದ ನಿಯಮದ ಕರಡು 2021ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ಹೊರಬಂತು. ಇವೆರಡೂ ಹುಟ್ಟುವ ಮೊದಲೇ, 2013ರ ಜನವರಿ 1ರಿಂದ, ಕುಲಾಂತರಿ ಆಹಾರವಿರುವ ಪ್ರತಿ ಪೊಟ್ಟಣದ ನೆತ್ತಿಯ ಮೇಲೆ 'ಜಿಎಂ' (ಜೆನೆಟಿಕಲಿ ಮಾಡಿಫೈಡ್, ಅಂದರೆ ಕುಲಾಂತರಿ) ಎಂಬ ಎರಡಕ್ಷರ ಮುದ್ರಿಸಬೇಕೆಂಬ ಕಟ್ಟಳೆ ಮಾತ್ರ ಜಾರಿಯಲ್ಲಿತ್ತು. ಇನ್ನೂ ಮಾರಬಾರದ ವಸ್ತುವಿಗೆ ಮೊದಲೇ ಹಣೆಪಟ್ಟಿ ಸಿದ್ಧವಾಯಿತು, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಹಾಗೆ.

ಆ ಎರಡಕ್ಷರವನ್ನು ಕಣ್ಣಾರೆ ಕಾಣುವ ಹಂಬಲದಿಂದ ಕಳೆದ ವಾರ ದೇವರಾಜ ಮಾರುಕಟ್ಟೆಯ ಬಳಿಯ ಒಂದು ದಿನಸಿ ಅಂಗಡಿಗೆ ಹೋದೆ. ಪೊಟ್ಟಣಗಳನ್ನು ತಿರುಗಿಸಿ ಮುರುಗಿಸಿ ನೋಡಿ ಸೋತು, ಜಿಎಂ ಎಂದು ಬರೆದದ್ದು ಒಂದಾದರೂ ಇದೆಯೇ ಎಂದು ಕೇಳಿದೆ. ಅಂಗಡಿಯವರು ನನ್ನ ದೃಷ್ಟಿಯ ಬಗ್ಗೆ ಮರುಕಪಟ್ಟು ಒಂದು ಖಾರದ ಪೊಟ್ಟಣದ ಮೇಲೆ ಬೆರಳಿಟ್ಟರು: "ಇಲ್ಲೇ ಇದೆಯಲ್ಲಾ ಸಾರ್, ಐನೂರು ಜಿಎಂ. ನಿಮಗೆ ಕಮ್ಮಿ ಬೇಕಾ? ಇನ್ನೂರೈವತ್ತು ಜಿಎಂದೂ ಇದೆ." ಗ್ರಾಂ ಎಂಬುದಕ್ಕೆ ಕಾನೂನು ಒಪ್ಪುವ ಸಂಕೇತ ಬರಿಯ 'ಜಿ', 'ಜಿಎಂ' ಎಂದು ಬರೆಯುವುದು ತಪ್ಪು. ಈ ತಪ್ಪನ್ನು ಹಿಡಿಯಬೇಕಾದವರು ಕಾನೂನು ಮಾಪನಶಾಸ್ತ್ರ ಇಲಾಖೆಯವರು, ಕುಲಾಂತರಿಗೆ ಜಿಎಂ ಬರೆಸಬೇಕಾದ ಕಟ್ಟಳೆ ಇರುವುದೂ ಅದೇ ಇಲಾಖೆ ನೋಡಿಕೊಳ್ಳುವ ನಿಯಮಗಳಲ್ಲೇ. ಹೀಗಾಗಿ ಬರೆಯಬೇಕಾದ ಜಿಎಂ ಎಲ್ಲೂ ಕಾಣದೆ, ಬರೆಯಬಾರದ ಜಿಎಂ ಕಣ್ಣಿಗೆ ರಾಚುತ್ತಿದೆ. ಆಹಾರ ವಿಜ್ಞಾನಕ್ಕೆಂದೇ 1950ರಿಂದ ರಾಷ್ಟ್ರೀಯ ಸಂಸ್ಥೆಯೊಂದು ಅರಮನೆಯಂಥ ಕಟ್ಟಡದಲ್ಲಿ ಕೆಲಸ ಮಾಡುತ್ತಿರುವ ಊರಿನಲ್ಲಿ ನಿಂತು ಇದನ್ನು ಬರೆಯಲು ನನಗೆ ಸ್ವಲ್ಪ ಸಂಕೋಚವೂ ಆಗುತ್ತಿದೆ.

ಕುಲಾಂತರಿ ಸಾಸಿವೆಯ ವಿಷಯ ಹೇಳದಿರುವುದೇ ಲೇಸು. 2022ರ ಅಕ್ಟೋಬರಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ರಾಷ್ಟ್ರೀಯ ನೀತಿಯೊಂದು ಬೇಕೆಂಬ ಮಾತಿನಲ್ಲಿ ಮಾತ್ರ ಇಬ್ಬರೂ ಒಂದಾದರು. ಒಗ್ಗರಣೆಯಲ್ಲಿ ಇನ್ನೂ ಸಿಡಿಯುತ್ತಿರುವ ಸಾಸಿವೆ ಅದೊಂದೇ.

ಅಂಗಡಿಯಿಂದ ಬರಿಗೈಯಲ್ಲಿ ಬರಬಾರದೆಂದು ಅರ್ಧ ಕೆಜಿ ಬದನೆಕಾಯಿಯನ್ನೂ ಒಂದು ಪೊಟ್ಟಣ ಸೋಯಾ ಎಣ್ಣೆಯನ್ನೂ ತಂದೆ. ಕುಲಾಂತರಿ ಸೋಯಾದಿಂದ ತೆಗೆದ ಎಣ್ಣೆಯ ಆಮದಿಗೆ 2007ರಲ್ಲೇ ಜಿಇಎಸಿ ಒಪ್ಪಿದೆ. ನಮ್ಮ ಸೋಯಾ ಎಣ್ಣೆಯ ಬಹುಪಾಲು ಬರುವ ಅರ್ಜೆಂಟೀನಾ, ಬ್ರೆಜಿಲ್ ದೇಶಗಳಲ್ಲಿ ಬೆಳೆಯುವುದೂ ಹೆಚ್ಚಾಗಿ ಅದೇ ಸೋಯಾ. ಮನೆಯಲ್ಲಿ ಬಜ್ಜಿಗೆ ಬಾಣಲೆ ಇಟ್ಟಿದ್ದರು. ಒಳಗಿನ ಬದನೆ ನಾಟಿ, ಹೊರಗಿನ ಎಣ್ಣೆ ಕುಲಾಂತರಿ. ಒಳಗಿನದಕ್ಕೆ ತಡೆಯಾಜ್ಞೆಯ ರಕ್ಷಣೆ, ಹೊರಗಿನದಕ್ಕೆ ರಾಜಮರ್ಯಾದೆ ಎಂದು ನಾನು ವಿವರಿಸತೊಡಗಿದೆ. ಹೆಂಡತಿ ಒಂದು ಬದನೆಕಾಯಿಯನ್ನು ಮೂಗಿನ ಬಳಿ ಹಿಡಿದು ನೋಡಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ಎಣ್ಣೆ ವಿಚಾರ ಆಮೇಲೆ ಹೇಳಿ. ಇದಕ್ಕೆ ಹುಳಕ್ಕೆ ಅಂತ ಎಷ್ಟು ಸಲ ಔಷಧಿ ಹೊಡೆದಿದಾರೋ, ಮೊದಲು ಉಪ್ಪುನೀರಲ್ಲಿ ಎರಡು ಸಲ ತೊಳೆದು ತನ್ನಿ."