ಫ್ರೀ ಸಾಫ್ಟ್‌ವೇರ್ ಅಂದ ಮಾತ್ರಕ್ಕೆ ಕೆಲಸವೂ ಫ್ರೀನಾ?

ಲೋಗೋ, ಅಂಗಡಿ ಬೋರ್ಡು, ಮದುವೆ ಕಾರ್ಡು ಎಲ್ಲ ನಾನು ಇಂಕ್‌ಸ್ಕೇಪ್ ಅನ್ನೋ ಫ್ರೀ ಡಿಸೈನ್ ಸಾಫ್ಟ್‌ವೇರ್‌ನಲ್ಲೇ ಮಾಡೋದು. ಇದು ಗೊತ್ತಾದ ಕೂಡಲೇ ಗಿರಾಕಿಗಳ ವರಸೆ ಬದಲಾಗುತ್ತೆ. 'ಫ್ರೀ ಸಾಫ್ಟ್‌ವೇರ್ ತಾನೇ, ರೇಟು ಇಷ್ಟ್ಯಾಕೆ?' ಮರುಕ್ಷಣವೇ, 'ಫ್ರೀದನ್ನ ವ್ಯಾಪಾರಕ್ಕೆ ಬಳಸಿದ್ರೆ ಕೇಸ್ ಆಗಲ್ವಾ?' ಅಂತ ಭಯ ಬೇರೆ. ಇಷ್ಟಾಗಿ ಇವರ ಆಫೀಸಿನ ಕಂಪ್ಯೂಟರ್ ತುಂಬಾ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರೇ!

ಇಂಕ್‌ಸ್ಕೇಪ್, ಫೋಟೋ ತಿದ್ದೋ ಗಿಂಪ್, 3ಡಿ ಮಾಡೋ ಬ್ಲೆಂಡರ್ ಎಲ್ಲ ಜಿಪಿಎಲ್ ಲೈಸೆನ್ಸಿನವು, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದವು. ದುಡ್ಡಿನ ಕೆಲಸಕ್ಕೆ ಧಾರಾಳವಾಗಿ ಬಳಸಬಹುದು. ಷರತ್ತೇನಿದ್ದರೂ ಆ ಸಾಫ್ಟ್‌ವೇರನ್ನೇ ಇನ್ನೊಬ್ಬರಿಗೆ ಹಂಚುವಾಗ, ಅದರಲ್ಲಿ ನಾನು ಬರೆದ ಲೋಗೋಗೆ ಅಲ್ಲ.

ನಿಜವಾದ ತಲೆನೋವು ಫಾಂಟುಗಳದ್ದು. ವೆಬ್‌ಸೈಟಿನಲ್ಲಿ ದೊಡ್ಡದಾಗಿ 'ಫ್ರೀ ಡೌನ್‌ಲೋಡ್' ಅಂತ ಹಾಕಿರ್ತಾರೆ, ಜಿಪ್ ಬಿಚ್ಚಿ ಒಳಗಿನ ಟೆಕ್ಸ್ಟ್ ಫೈಲ್ ಓದಿದರೆ 'ಸ್ವಂತ ಬಳಕೆಗೆ ಮಾತ್ರ' ಅನ್ನೋ ಸಾಲು ಎಲ್ಲೋ ಮೂಲೆಯಲ್ಲಿ ಕೂತಿರುತ್ತೆ. ಅದನ್ನ ಬಟನ್ ಪಕ್ಕದಲ್ಲೇ ಬರೆಯೋಕೆ ಏನು ದಾಡಿ? ದುಡ್ಡು ಕೇಳಲಿ, ಕೊಡ್ತೀನಿ, ಫಾಂಟ್ ಮಾಡೋದು ಸುಲಭದ ಕೆಲಸ ಅಲ್ಲ. ಕನ್ನಡದ ಒತ್ತಕ್ಷರಗಳಂತೂ ಕೇಳಲೇಬೇಡಿ. ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ ಎಲ್ಲ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ, ಬೋರ್ಡಿಗೂ ಕಾರ್ಡಿಗೂ ಚಿಂತೆಯಿಲ್ಲದೆ ಹಾಕಬಹುದು. ಆದರೆ ಗಿರಾಕಿಗೆ ಬೇಕಿರೋದು ವಾಟ್ಸಾಪ್‌ನಲ್ಲಿ ಬಂದ, ಯಾರದ್ದು ಅಂತಲೇ ಗೊತ್ತಿಲ್ಲದ ಫಾಂಟು.

ಇಷ್ಟೆಲ್ಲ ಮುಗಿಸಿ ಪಿಡಿಎಫ್ ಕಳಿಸಿದರೆ ಪ್ರೆಸ್‌ನವರಿಗೆ ಕೋರಲ್‌ಡ್ರಾ ಅನ್ನೋ ದುಡ್ಡಿನ ಸಾಫ್ಟ್‌ವೇರಿನ ಫೈಲೇ ಬೇಕಂತೆ!