ಕೈಗುಣಕ್ಕೊಂದು ಲೆಕ್ಕದ ಪುಸ್ತಕ

ನನ್ನ ಕೈಗುಣ ಸರಿಯಿಲ್ಲ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿ ಮೂವತ್ತೈದು ವರ್ಷಗಳಾದವು. ಕುಂದಗೋಳದ ಹತ್ತಿರ ನಮ್ಮೂರ ಹಿತ್ತಲಲ್ಲಿದ್ದ ಹೀರೆ ಬಳ್ಳಿಗೆ ನಾನು ಒಂದು ವಾರ ನೀರು ಹಾಕಿದೆನಂತೆ, ಬಳ್ಳಿ ಒಣಗಿತಂತೆ. ಅಂದಿನಿಂದ ಬೀಜ ಊರುವ ದಿನ ಏನಾದರೂ ನೆಪ ಹೇಳಿ ನನ್ನನ್ನು ಅಂಗಡಿಗೆ ಕಳುಹಿಸುತ್ತಿದ್ದರು. ತಂಗಿ ಊರಿದ ಬೀಜ ಮೊಳೆತರೆ ಅದು ಅವಳ ಕೈಗುಣ, ಮೊಳೆಯದಿದ್ದರೆ ಬೀಜದ ದೋಷ. ನಾನು ಊರಿದ್ದು ಮೊಳೆತರೆ ಬೀಜದ ಗುಣ, ಮೊಳೆಯದಿದ್ದರೆ ನನ್ನ ಕೈಯ ದೋಷ.

ಈ ವರ್ಷ ಏಪ್ರಿಲ್‌ನಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ವಾಸ್ಕೋದ ಬಾಡಿಗೆ ಮನೆಯ ತಾರಸಿಯ ಮೇಲೆ ನಾನು ಬೀಜದಿಂದ ತರಕಾರಿ ಬೆಳೆಯಲು ಹೊರಟೆ. ಹೊಟ್ಟೆಪಾಡಿಗೆ ಒಂದು ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವವನಾದ್ದರಿಂದ ಇದಕ್ಕೂ ಒಂದು ನೋಟ್‌ಬುಕ್ ಇಟ್ಟೆ. ಊರಿದ ಬೀಜ ಎಷ್ಟು, ಮೊಳೆತದ್ದು ಎಷ್ಟು, ಸತ್ತದ್ದು ಎಷ್ಟು, ಯಾವ ತಾರೀಖು. ಆರು ತಿಂಗಳ ಜಮಾ ಖರ್ಚು ನೋಡಿದ ಮೇಲೆ ಹೇಳುತ್ತಿದ್ದೇನೆ: ಕೈಗುಣ ಎಂಬುದು ಲೆಕ್ಕ ಇಡದವರ ಮಾತು. ಬೈಯುವವರು ಕೆಳಗೆ ಬೈಯಬಹುದು, ಆದರೆ ಪೂರ್ತಿ ಓದಿ.

ಗೋವಾದಲ್ಲಿರುವ ನಮ್ಮಂಥವರಿಗೆ ಒಂದು ವಿಚಿತ್ರ ಸುಖವಿದೆ. ಇಲ್ಲಿನ ಪೇಟೆಯ ತರಕಾರಿಯ ಬಹುಪಾಲು ಘಟ್ಟ ಇಳಿದು ಬೆಳಗಾವಿಯಿಂದ ಬರುತ್ತದೆ. ಊರು ಬಿಟ್ಟು ಬಂದರೂ ಊರಿನ ಕೋಸು, ಊರಿನ ಹಸಿಮೆಣಸಿನಕಾಯಿ ಬೆನ್ನಟ್ಟಿ ಬರುತ್ತವೆ. ಚೋರ್ಲಾ ಘಟ್ಟದ ರಸ್ತೆಗೆ ಏನಾದರೂ ಆಯಿತೆಂದರೆ ವಾಸ್ಕೋ ಮಾರುಕಟ್ಟೆಯಲ್ಲಿ ಎಲ್ಲರ ಮುಖವೂ ಬಾಡುತ್ತದೆ. ಹಾಗಾಗಿ ನಾಲ್ಕು ಟೊಮೆಟೊ ನಾನೇ ಬೆಳೆದುಬಿಡುತ್ತೇನೆ ಎಂಬುದು ಹೆಂಡತಿಗೆ ನಾನು ಕೊಟ್ಟ ಕಾರಣ. ನಿಜವಾದ ಕಾರಣ ಆ ಹೀರೆ ಬಳ್ಳಿ.

ಮೊದಲ ಅನಾಹುತ ಬೀಜಕ್ಕೂ ಮುಂಚೆ ಆಯಿತು. ಐದು ಕಿಲೋ ತೆಂಗಿನ ನಾರಿನ ಪುಡಿಯ ಇಟ್ಟಿಗೆ ತರಿಸಿದ್ದೆ. ನೀರಿನಲ್ಲಿ ನೆನೆಸಿ ಎಂದು ಬರೆದಿತ್ತು, ಎಷ್ಟು ಉಬ್ಬುತ್ತದೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಸ್ನಾನದ ಮನೆಯ ಬಕೆಟ್ಟಿನಲ್ಲಿ ಇಡೀ ಇಟ್ಟಿಗೆ ಇಟ್ಟು ನೀರು ಸುರಿದು ಕಚೇರಿಗೆ ಹೋದೆ. ಸಂಜೆ ಬಂದಾಗ ಅದು ಬಕೆಟ್ಟಿನಿಂದ ಉಕ್ಕಿ ನೆಲಕ್ಕೆ ಹರಡಿತ್ತು. ಬಕೆಟ್ಟು, ಎರಡು ಟಬ್ಬು, ಅಕ್ಕಿ ಚೀಲ, ಕೊನೆಗೆ ಮಗಳ ಹಳೆಯ ಈಜುತೊಟ್ಟಿ, ಎಲ್ಲವೂ ತುಂಬಿದವು. ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ತೊಳೆದು ಹಿಂಡಬೇಕು ಎಂದು ಗೊತ್ತಾದದ್ದು ರಾತ್ರಿ ಹನ್ನೊಂದಕ್ಕೆ. ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಐವತ್ತು ಕುಳಿಯ ತಟ್ಟೆಯಲ್ಲಿ ಐವತ್ತು ಟೊಮೆಟೊ ಬೀಜ ಊರಿದೆ. ಇನ್ನೊಂದರಲ್ಲಿ ಅವ್ವ ಕೊಟ್ಟ ಬ್ಯಾಡಗಿ ಮೆಣಸಿನಕಾಯಿಯ ಇಪ್ಪತ್ತು ಬೀಜ. ಟೊಮೆಟೊ ಆರನೆಯ ದಿನ ತಲೆ ಎತ್ತಿತು. ಎಂಟನೆಯ ದಿನಕ್ಕೆ ನಲವತ್ತೊಂದು ಸಸಿ. ಮೆಣಸಿನಕಾಯಿಗೆ ಇನ್ನಷ್ಟು ದಿನ ಬೇಕು ಎಂದು ತಿಳಿಯದೆ ಆರನೆಯ ದಿನ ಬೆರಳಿನಿಂದ ಕೆದಕಿ ನೋಡಿದೆ. ಮೂರು ಬೀಜಗಳಿಂದ ಬಿಳಿಯ ಬೇರು ಆಗಷ್ಟೇ ಇಣುಕಿತ್ತು. ಆ ಮೂರೂ ನನ್ನ ಬೆರಳಿಗೆ ಬಲಿಯಾದವು. ಉಳಿದವುಗಳಲ್ಲಿ ಹನ್ನೆರಡು ಬಂದವು.

ನಲವತ್ತೊಂದು ಎಂದು ಬರೆದಾಗ ಕಣ್ಣು ಒದ್ದೆಯಾಯಿತು ಎಂದರೆ ನಗಬೇಡಿ. ತಂಗಿಗೆ ಫೋಟೊ ಕಳುಹಿಸಿದೆ. ಆಮೇಲೆ ತಿಳಿದದ್ದು ಏನೆಂದರೆ, ನಮ್ಮ ದೇಶದಲ್ಲಿ ಪ್ರಮಾಣೀಕರಿಸಿದ ಟೊಮೆಟೊ ಬೀಜಕ್ಕೆ ನಿಗದಿಯಾಗಿರುವ ಕನಿಷ್ಠ ಮೊಳಕೆ ಪ್ರಮಾಣ ಶೇ. 70, ಬೆಂಡೆಗೆ ಶೇ. 65, ಮೆಣಸಿನಕಾಯಿಗೆ ಶೇ. 60. ಅಂದರೆ ಐವತ್ತರಲ್ಲಿ ಮೂವತ್ತೈದು ಬಂದರೂ ಬೀಜ ತನ್ನ ಮಾತು ಉಳಿಸಿಕೊಂಡ ಹಾಗೆಯೇ. ಹಿಂದೆ ನಾನು ಊರಿದ ಹತ್ತರಲ್ಲಿ ಮೂರು ಬಾರದೆ ಹೋದಾಗ ಮನೆಯವರೆಲ್ಲ ನನ್ನ ಕೈ ನೋಡುತ್ತಿದ್ದರಲ್ಲ, ಆ ಮೂರು ಲೆಕ್ಕದ ಪ್ರಕಾರ ಬಾರದೆ ಹೋಗಬಹುದಾದವೇ!

ಮುಂದಿನದು ಮಾತ್ರ ಪೂರ್ತಿ ನನ್ನ ತಪ್ಪು. ಏಪ್ರಿಲ್ ಬಿಸಿಲಿಗೆ ಹೆದರಿ ತಟ್ಟೆಯನ್ನು ಹಜಾರದ ಕಿಟಕಿಯ ಬಳಿ ಇಟ್ಟೆ. ಸಸಿಗಳು ಬೆಳಕು ಹುಡುಕಿಕೊಂಡು ಉದ್ದಕ್ಕೆ ಎಳೆದುಕೊಂಡವು, ಬಿಳಿಚಿ ಒಂದೇ ಕಡೆಗೆ ಬಾಗಿದವು. ನಾಲ್ಕು ದಿನದಲ್ಲಿ ಎಷ್ಟು ಎತ್ತರ ಬೆಳೆದವು ಎಂದು ನಾನು ಹಿಗ್ಗಿದೆ. ಬಡಕಲು ಹುಡುಗನನ್ನು ನೋಡಿ ಎತ್ತರವಾಗಿದ್ದಾನೆ ಎಂದ ಹಾಗೆ. ಸಾಲದ್ದಕ್ಕೆ ದಿನಕ್ಕೆ ಮೂರು ಸಲ ನೀರು. ಕಚೇರಿಗೆ ಹೊರಡುವಾಗ ಒಮ್ಮೆ, ಬಂದಾಗ ಒಮ್ಮೆ, ಮಲಗುವ ಮುನ್ನ ಪ್ರೀತಿಗೆ ಒಮ್ಮೆ. ಒಂದು ಬೆಳಿಗ್ಗೆ ಆರು ಸಸಿಗಳು ಮಲಗಿದ್ದವು. ಎಲೆ ಹಸಿರಾಗಿಯೇ ಇದೆ, ಮಣ್ಣಿಗೆ ತಾಗುವ ಕಡೆ ಕಾಂಡ ಮಾತ್ರ ನೂಲಿನಂತೆ ಸಣ್ಣಗಾಗಿ ಕೊಳೆತಿದೆ. ಬಾಯಾರಿಕೆ ಇರಬೇಕು ಎಂದು ಇನ್ನಷ್ಟು ನೀರು ಹಾಕಿದೆ. ಮರುದಿನ ಹನ್ನೊಂದು. ಮೂರನೆಯ ವಾರದ ಹೊತ್ತಿಗೆ ನಲವತ್ತೊಂದರಲ್ಲಿ ಹದಿನಾಲ್ಕು ಉಳಿದವು. ಇದು ಸಸಿ ಸಾಯುವ ರೋಗ, ಶಿಲೀಂಧ್ರದ ಕೆಲಸ. ಆರದ ತೇವ, ಗಾಳಿಯಾಡದ ಮೂಲೆ, ಒತ್ತಾದ ಸಸಿ, ಇಷ್ಟಿದ್ದರೆ ಅದಕ್ಕೆ ಹಬ್ಬ.

ಅವ್ವನಿಗೆ ಫೋನ್ ಮಾಡಿದೆ.

“ತಮ್ಮಾ, ಅವುಗಳಿಗೆ ನೀರು ಹಾಕುತ್ತಿದ್ದೀಯೋ, ಸ್ನಾನ ಮಾಡಿಸುತ್ತಿದ್ದೀಯೋ?”

“ನಿನ್ನ ಸಸಿಗಳು ಎಷ್ಟು ಸಾಯುತ್ತಿದ್ದವು ಅವ್ವಾ?”

“ಯಾರು ಎಣಿಸುತ್ತಿದ್ದರು? ಒಂದು ಮುಷ್ಟಿ ಚೆಲ್ಲುತ್ತಿದ್ದೆವು. ಕೋಳಿ ಕೆದರಿದ್ದು ಹೋಯಿತು, ಕೊಳೆತದ್ದು ಹೋಯಿತು, ಉಳಿದದ್ದನ್ನು ಕಿತ್ತು ನೆಡುತ್ತಿದ್ದೆವು.”

ಇದನ್ನೇ ನಾನು ಮೂವತ್ತೈದು ವರ್ಷದ ಹಿಂದೆಯೇ ಕೇಳಬೇಕಾಗಿತ್ತು. ಒಂದು ಮುಷ್ಟಿಯಲ್ಲಿ ನೂರಾರು ಬೀಜ, ನೆಟ್ಟದ್ದು ಇಪ್ಪತ್ತು ಸಸಿ, ಹೆಸರು ಕೈಗುಣ! ನಾನು ಹತ್ತು ಊರಿ ಏಳು ಪಡೆದರೆ ಅದು ಅಪಶಕುನ. ಅವ್ವನ ಮೇಲೆ ಸಿಟ್ಟಿಲ್ಲ. ಆದರೆ ಈಗ ಮೊಬೈಲ್‌ನಲ್ಲಿ ಕೈತೋಟದ ವಿಡಿಯೊ ಮಾಡುವವರೂ ಅದನ್ನೇ ಮಾಡುತ್ತಾರೆ. ಊರುವುದನ್ನು ತೋರಿಸುತ್ತಾರೆ, ನಡುವೆ ಒಂದು ಸಂಗೀತ, ಆಮೇಲೆ ಬುಟ್ಟಿ ತುಂಬ ಹಣ್ಣು. ಸತ್ತ ಸಸಿ ಎಸೆಯುವುದನ್ನು ಯಾರಾದರೂ ತೋರಿಸಿದ್ದರೆ ಹೇಳಿ. ಹೊಸಬರು ಒಂದು ತಟ್ಟೆ ಸತ್ತ ಕೂಡಲೇ ಇದು ನಮ್ಮ ಹಣೆಯಲ್ಲಿ ಬರೆದಿಲ್ಲ ಎಂದು ಬಿಟ್ಟುಬಿಡುವುದು ಇದರಿಂದಲೇ.

ಹದಿನಾಲ್ಕರಲ್ಲಿ ಒಂಬತ್ತು ನೆಡುವ ಹಾಗಿದ್ದವು. ಕೊಂಡು ತಂದ ಮಣ್ಣು ಒಂದೇ ಚೀಲಕ್ಕಾಯಿತು. ಉಳಿದ ಎಂಟಕ್ಕೆ ಮನೆಯ ಹಿಂದಿನ ಕೆಂಪು ಮಣ್ಣು ಅಗೆದು ಗೊಬ್ಬರ ಬೆರೆಸಿದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಗೋವಾದ ಮಳೆ ನಮ್ಮ ಕಡೆಯ ಮಳೆಯಂತಲ್ಲ, ಒಂದು ಮಳೆಗಾಲಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್. ಚೀಲಗಳನ್ನು ಸಜ್ಜಾದ ಕೆಳಗೆ ಎಳೆದೆ. ಜುಲೈನಲ್ಲಿ ಹೂವೂ ಬಿಟ್ಟವು. ಆಗ ಒಂದು ಮಧ್ಯಾಹ್ನ ಒಂದು ಗಿಡ ಹಸಿರು ಎಲೆಯ ಸಮೇತ ಜೋಲು ಬಿದ್ದಿತು. ಹಳದಿಯಾಗಲಿಲ್ಲ, ಹುಳ ಕಾಣಲಿಲ್ಲ. ಎರಡು ವಾರದಲ್ಲಿ ಎಂಟೂ ಹೋದವು.

ಕೆಳಗಿನ ಮನೆಯ ಒಡತಿಯನ್ನು ನಾವು ಕಾಕು ಎನ್ನುತ್ತೇವೆ. ಎಪ್ಪತ್ತು ದಾಟಿದವರು, ಕೊಂಕಣಿ ಬಿಟ್ಟರೆ ಬೇರೆ ಮಾತಾಡುವುದಿಲ್ಲ. ನನ್ನ ಚೀಲಗಳನ್ನು ನೋಡಿ, “ಆ ಮೂಲೆಯ ಮಣ್ಣು ಯಾಕೆ ತೆಗೆದೆ? ಅಲ್ಲಿ ಬದನೆ ಎಂದೂ ಉಳಿದಿಲ್ಲ” ಎಂದರು. ಬದನೆ, ಟೊಮೆಟೊ, ಮೆಣಸಿನಕಾಯಿ ಎಲ್ಲ ಒಂದೇ ಕುಲ. ದುಂಡಾಣು ಸೊರಗು ರೋಗ ಎಂಬುದು ಮಣ್ಣಿನಲ್ಲೇ ವರ್ಷಗಟ್ಟಲೆ ಕುಳಿತಿರುತ್ತದೆ, ಬೇರಿನಿಂದ ಹೊಕ್ಕು ನೀರು ಏರುವ ದಾರಿಯನ್ನೇ ಕಟ್ಟುತ್ತದೆ. ಅದೇ ಹೌದೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಸೊರಗಿದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ತಿಳಿನೀರಿನ ಗಾಜಿನ ಲೋಟದಲ್ಲಿ ತುದಿ ಅದ್ದಿ ಹಿಡಿಯಬೇಕು. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಎಳೆ ನೀರಿಗೆ ಇಳಿಯಿತು. ನಾನು, ಮಗಳು, ಕಾಕು ಮೂವರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಕೊಂಡು ತಂದ ಮಣ್ಣಿನ ಒಂಬತ್ತನೆಯ ಗಿಡ ಮಾತ್ರ ಉಳಿದು ನಾಲ್ಕು ಹಣ್ಣು ಕೊಟ್ಟಿತು. ಎಂಟಕ್ಕೂ ಒಂಬತ್ತನೆಯದಕ್ಕೂ ನೀರು ಹಾಕಿದ್ದು ಇದೇ ಕೈ.

(ನಡುವೆ ಕೊತ್ತಂಬರಿಯದೊಂದು ಕಥೆ. ಅಡುಗೆ ಮನೆಯ ಡಬ್ಬಿಯ ಕಾಳನ್ನು ಚಪ್ಪಲಿಯಡಿ ತಿಕ್ಕಿ ಎರಡು ಹೋಳು ಮಾಡಿ ಊರಿ ಇಪ್ಪತ್ತು ದಿನ ಕಾದೆ. ಹೆಂಡತಿ ಅದನ್ನು ಸಾರಿನ ಪುಡಿಗೆಂದು ಹುರಿದಿಟ್ಟಿದ್ದಳು. ಇದನ್ನು ನೋಟ್‌ಬುಕ್ಕಿನಲ್ಲಿ ಯಾವ ಲೆಕ್ಕಕ್ಕೆ ಬರೆಯಲಿ?)

ಮಳೆಗಾಲದ ಮಾನ ಉಳಿಸಿದ್ದು ಬೆಂಡೆ. ಮೃಗಶಿರಾ ಮಳೆಗೆ ನಮ್ಮಲ್ಲಿ ಮಿರಗ ಎನ್ನುತ್ತಾರೆ, ಕಾಕು ಬಾಯಲ್ಲೂ ಅದೇ ಪದ ಕೇಳಿ ಖುಷಿಯಾಯಿತು. ಮಿರಗದ ಮಾರನೆಯ ದಿನ ಕಾಗದದ ಪೊಟ್ಟಣದಲ್ಲಿ ಹನ್ನೆರಡು ಬೀಜ ಕೊಟ್ಟರು. ಇಲ್ಲಿನ ಏಳು ಏಣಿನ ಉದ್ದ ಬೆಂಡೆ, ತಿಳಿಹಸಿರು ಬಣ್ಣದ್ದು. ಗೋವಾದ ಮಳೆಗಾಲಕ್ಕೆಂದೇ ಹುಟ್ಟಿದಂಥದ್ದು. ರಾತ್ರಿ ನೆನೆಸು, ನೇರವಾಗಿ ದೊಡ್ಡ ಚೀಲದಲ್ಲೇ ಊರು, ಕಿತ್ತು ನೆಡಬೇಡ, ಮಳೆ ಬೀಳುವಾಗ ನೀನು ನೀರು ಹಾಕಬೇಡ. ಇಷ್ಟೇ ಸೂಚನೆ. ಕೊನೆಯದನ್ನು ಎರಡು ಸಲ ಹೇಳಿದರು. ಹನ್ನೆರಡರಲ್ಲಿ ಹನ್ನೊಂದು ಮೊಳೆತವು, ಎರಡನ್ನು ಬಸವನ ಹುಳು ತಿಂದಿತು, ಒಂಬತ್ತು ಬೆಳೆದವು. ಚೌತಿಯ ಹೊತ್ತಿಗೆ ಕಾಕು ತಮ್ಮ ಖತಖತೆಗೆ, ಅಂದರೆ ಹಲವು ತರಕಾರಿ ಕೂಡಿಸಿ ಮಾಡುವ ಇಲ್ಲಿನ ಅಡುಗೆಗೆ, ನಮ್ಮ ತಾರಸಿಯ ಬೆಂಡೆಯನ್ನೂ ಕೇಳಿ ಒಯ್ದರು. ಆನ್‌ಲೈನ್‌ನಲ್ಲಿ ತರಿಸಿದ ಬಣ್ಣದ ಪೊಟ್ಟಣಗಳ ಗಜ್ಜರಿಯೂ ಹೂಕೋಸೂ ಏನಾದವು ಎಂದು ಕೇಳಬೇಡಿ. ತಂಪು ಬೇಡುವ ಬೆಳೆಗಳನ್ನು ಮೇ ತಿಂಗಳ ವಾಸ್ಕೋದಲ್ಲಿ ಊರಿದವನಿಗೆ ಕೈಗುಣವಿದ್ದರೂ ಏನು ಮಾಡೀತು.

ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಕಾಕುವಿನ ಕೈ ನೋಡಿ, ಅದಕ್ಕೆ ಏನೆನ್ನುತ್ತೀರಿ ಎನ್ನುತ್ತಾಳೆ. ನೋಡಿದ್ದೇನೆ. ಅವರು ಮೊದಲು ಬೆರಳನ್ನು ಎರಡು ಗೆಣ್ಣಿನ ಆಳಕ್ಕೆ ಮಣ್ಣಿಗೆ ತೂರಿಸುತ್ತಾರೆ, ಆಮೇಲೆ ನೀರಿನ ಚೊಂಬು ಎತ್ತುತ್ತಾರೆ. ಹತ್ತರಲ್ಲಿ ಆರು ಸಲ ಚೊಂಬನ್ನು ಹಾಗೆಯೇ ಕೆಳಗಿಡುತ್ತಾರೆ.

ಅಕ್ಟೋಬರ್‌ನಲ್ಲಿ ಎರಡನೆಯ ತಟ್ಟೆ ಹಾಕಿದೆ. ಏಪ್ರಿಲ್‌ನ ಉಳಿದ ಬೀಜ ಬಳಸುವ ಮುನ್ನ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡಿದೆ, ಎರಡೇ ಮೊಳೆತವು. ಬಟ್ಟೆಯ ಕ್ಲಿಪ್ ಹಾಕಿ ಕಪಾಟಿನಲ್ಲಿಟ್ಟ ಪೊಟ್ಟಣ ಇಡೀ ಮಳೆಗಾಲದ ಥಂಡಿ ಹೀರಿತ್ತು. ಅವ್ವ ಬೀಜವನ್ನು ಬೂದಿಯಲ್ಲಿ ಕಲೆಸಿ ಸೋರೆ ಬುರುಡೆಯಲ್ಲಿ ಇಡುತ್ತಿದ್ದದ್ದು ಆಗ ನೆನಪಾಯಿತು. ಈ ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತರಿಸಿದೆ. ಎಲೆ ಮುಟುರು ನಂಜು, ಅಂಗಮಾರಿ, ನನ್ನ ಹಳೆಯ ವೈರಿ ಸೊರಗು ರೋಗ, ಮೂರನ್ನೂ ತಡೆಯುವ ಸಂಕರಣ ತಳಿ ಅದು. ಅದರ ಹಣ್ಣಿನ ಬೀಜ ಎತ್ತಿಟ್ಟರೆ ಮುಂದೆ ಅದೇ ಗುಣ ಬರುವುದಿಲ್ಲ, ಪ್ರತಿ ಸಲ ಹೊಸದಾಗಿ ಕೊಳ್ಳಬೇಕು, ಅದೊಂದು ಕೊರತೆ. ತಟ್ಟೆ ತಾರಸಿಯಲ್ಲಿ, ಬಲೆಯ ಕೆಳಗೆ. ನೀರು ಬೆಳಿಗ್ಗೆ ಒಮ್ಮೆ, ಅದೂ ಬೆರಳು ತೂರಿಸಿದ ಮೇಲೆ. ಮೂವತ್ತು ಬೀಜ, ಇಪ್ಪತ್ತಾರು ಮೊಳಕೆ, ಹದಿನೈದನೆಯ ದಿನಕ್ಕೆ ಇಪ್ಪತ್ತನಾಲ್ಕು ಸಸಿ.

ಹೆಂಡತಿ ಅವ್ವನಿಗೆ ಫೋನಿನಲ್ಲಿ, “ಅತ್ತೆ, ನಿಮ್ಮ ಮಗನ ಕೈಗುಣ ಬದಲಾಗಿದೆ” ಎಂದಳು.

“ಬೀಜ ಒಳ್ಳೆಯದಿರಬೇಕು” ಎಂದರು ಅವ್ವ.

ಯಾರ ಬಳಿಯಾದರೂ ಊರಿನ ಮುಳಗಾಯಿ, ಅಂದರೆ ಬದನೆಯ, ಬೀಜ ಇದ್ದರೆ ತಿಳಿಸಿ, ಎಣ್ಣೆಗಾಯಿಗೆ ಆಗುವಂಥ ಗುಂಡನೆಯ, ಮುಳ್ಳಿರುವ ಜಾತಿ. ಹತ್ತು ಬೀಜ ಸಾಕು. ಮಣ್ಣು ಆ ಮೂಲೆಯದಲ್ಲ, ಕೊಂಡು ತಂದದ್ದೇ ಹಾಕುತ್ತೇನೆ.